ಹಳೇ ಪೈಪು, ಹೊಸ ಕಂಪ್ರೆಸರ್

ಹಳೇ ಕಾರೊಂದರ ಏಸಿ ಕಂಪ್ರೆಸರ್ ಒಳಗೊಳಗೇ ಸವೆದು ಪುಡಿಯಾಗಿ ಪ್ರಾಣ ಬಿಟ್ಟಿತು. ಅದರ ಜಾಗಕ್ಕೆ ಹೊಸದೊಂದನ್ನು ತಂದ ಒಡೆಯ, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ನಿವಾಳಿಸಿ ಕೂರಿಸಿದ.

ಹೊಸ ಕಂಪ್ರೆಸರ್ ಪಕ್ಕದ ಹಳೇ ಪೈಪಿನೊಳಗೆ ಇಣುಕಿ ಬೆಚ್ಚಿಬಿತ್ತು. "ಅತ್ತೆ, ನಿಮ್ಮ ಹೊಟ್ಟೆ ತುಂಬ ಕಬ್ಬಿಣದ ಪುಡಿ! ಅದು ನನ್ನೊಳಗೆ ಬಂದರೆ ನಾನು ಬದುಕುವುದಿಲ್ಲ. ಮೊದಲು ತೊಳೆಸಿಕೊಳ್ಳಿ."

"ನನಗೇ ಸ್ನಾನ ಹೇಳಿಕೊಡುತ್ತೀಯೇನೇ, ಈಗ ಬಂದವಳು?" ಪೈಪಿಗೆ ಸಿಟ್ಟು ನೆತ್ತಿಗೇರಿತು. "ಅದೇನು ನನ್ನ ಕೊಳೆಯೇ? ಸತ್ತಳಲ್ಲ, ಮೊದಲ ಸೊಸೆ, ಅವಳದು. ಸ್ವಲ್ಪ ಹೊಂದಿಕೊಂಡು ಹೋಗುವುದನ್ನು ಕಲಿ."

"ಅವಳೂ ಹೊಂದಿಕೊಂಡೇ ಸತ್ತಳೇ ಅತ್ತೆ?"

ಅಷ್ಟರಲ್ಲಿ ಮೆಕ್ಯಾನಿಕ್, "ಪೈಪೂ ತೊಳೆದುಬಿಡಲೇ ಸಾರ್?" ಎಂದು ಕೇಳಿದ.

"ಪೂಜೆ ಆಯಿತಲ್ಲ, ಇನ್ನೇನು ತೊಳೆಯುವುದು? ಶುರು ಮಾಡಪ್ಪ, ಸೆಕೆ ತಡೆಯೋಕಾಗ್ತಿಲ್ಲ," ಎಂದ ಒಡೆಯ.

ಕೆಲವೇ ದಿನ ತಣ್ಣನೆ ಗಾಳಿ ಬಂತು. ಆಮೇಲೆ ಆ ಪುಡಿಯೆಲ್ಲ ಗಂಟಲಿಗೆ ಸಿಕ್ಕಿ, ಹೊಸ ಕಂಪ್ರೆಸರ್ ಕಿರ್ರೆಂದು ಕಿರುಚಿ ನಿಂತೇಹೋಯಿತು.

ಪೈಪು ನಿಟ್ಟುಸಿರಿಟ್ಟಿತು. "ಎರಡನೆಯವಳೂ ಬಾಳಲಿಲ್ಲ. ಮುಂದಿನವಳನ್ನಾದರೂ ಒಳ್ಳೇ ಮನೆತನ ನೋಡಿ ತರಲಿ."