ಗೆರೆಗಳಿಲ್ಲದ ಜಾಗ

"ಕೇಳಿರಪ್ಪೋ ಕೇಳಿರಿ! ಹೋದ ತಿಂಗಳು ಬಡಗಣ ಕಾಡಿಗೆ ಹೊರಟ ಯುವರಾಜರೂ ಮುನ್ನೂರು ಆಳುಗಳೂ ಮರಳಿಲ್ಲ. ಆ ಕಾಡಿನ ನಕ್ಷೆ ಓದಿ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ರಾಜಕುಮಾರಿಯೊಡನೆ ಮದುವೆ! ತಪ್ಪಿದರೆ ತಲೆದಂಡ!"

ಕೇತರಸ ದೊರೆ ಹೀಗೆ ಡಂಗುರ ಹೊಡೆಸಿದ ಮೂರನೆಯ ದಿನ ಸಭೆ ತುಂಬಿತು. ಗೋಡೆಯ ಮೇಲೆ ನಕ್ಷೆ ತೂಗುತ್ತಿತ್ತು. ಅದನ್ನು ಬರೆದ ಮುದುಕ ಸತ್ತು ವರ್ಷವಾಗಿತ್ತು. ಅರಮನೆಯಲ್ಲಿ ಅವನಿಂದ ನಕ್ಷೆ ಓದುವುದನ್ನು ಅಷ್ಟಿಷ್ಟು ಕಲಿತಿದ್ದವಳು ರಾಜಕುಮಾರಿ ಚಂದಲೆ ಒಬ್ಬಳೇ; ಒಗಟು ಕೇಳುವವಳೂ ಅವಳೇ.

"ಒಬ್ಬರನ್ನೊಬ್ಬರು ಎಂದೂ ದಾಟದ ಅಕ್ಕತಂಗಿಯರು," ಎಂದಳು ಚಂದಲೆ. "ಅವರು ಒತ್ತೊತ್ತಾಗಿ ನಿಂತಲ್ಲಿ ಕುದುರೆ ಏದುಸಿರು ಬಿಡುತ್ತದೆ, ದೂರ ದೂರ ನಿಂತಲ್ಲಿ ಓಡುತ್ತದೆ. ಯಾರವರು?"

"ನದಿಗಳು," ಎಂದ ನೆರೆರಾಜ್ಯದ ದೊರೆಮಗ. ಮಾತು ಮುಗಿಯುವಷ್ಟರಲ್ಲಿ ಅವನ ತಲೆ ನೆಲದ ಮೇಲಿತ್ತು. ನಿಜವಾಗಿಯೂ ಕಡಿಯುತ್ತಾರೆಂದು ಸಭೆಯಲ್ಲಿ ಯಾರೂ ನಂಬಿರಲಿಲ್ಲ. ಚಂದಲೆ ಕಂಬ ಹಿಡಿದು ನಿಂತಳು.

ದಂಡನಾಯಕನ ಮಗ ಮುಂದೆ ಬಂದು ಮೊದಲನೆಯದನ್ನು ಬಿಡಿಸಿದ. ಎರಡನೆಯದು ಬಂತು: "ಬಾಣದಂಥ ಮೊನೆ. ಹೋಗುವ ದಿಕ್ಕು ತೋರದು, ಬಂದ ದಿಕ್ಕನ್ನೇ ತೋರುತ್ತದೆ."

"ಹಕ್ಕಿಯ ಹೆಜ್ಜೆ," ಎಂದ. ಅವನೂ ಉಳಿಯಲಿಲ್ಲ.

ಆಗ ಬಾಗಿಲ ಬಳಿಯಿಂದ ಬರಿಗಾಲಿನ ತರುಣನೊಬ್ಬ ಎದ್ದ. ಬಿದಿರ ತೆಪ್ಪ ನಡೆಸುವ ಕೆಂಚ.

"ಬುದ್ಧೀ, ನಕ್ಷೆ ಬರೆದ ಅಜ್ಜನನ್ನು ನಾಲ್ಕು ವರ್ಷ ಸುತ್ತಾಡಿಸಿದ್ದು ನನ್ನ ತೆಪ್ಪ. ಅಕ್ಕತಂಗಿಯರು ಅಂದ್ರೆ ಈ ಗೆರೆಗಳು. ಒಂದೊಂದು ಗೆರೆಯೂ ಒಂದೇ ಎತ್ತರದಲ್ಲಿ ಹೋಗುತ್ತೆ. ಒತ್ತಾಗಿದ್ರೆ ಕಡಿದಾದ ಏರು, ದೂರವಿದ್ರೆ ಸಮತಟ್ಟು. ಅವೇ ಗೆರೆಗಳು ಹೊಳೆ ದಾಟುವಾಗ ಬಾಣದ ಮೊನೆ ಹಾಗೆ ಬಾಗ್ತವೆ. ಮೊನೆ ಇರೋದು ನೀರು ಬಂದ ಕಡೆಗೆ."

ಚಂದಲೆ ಕಂಬ ಬಿಟ್ಟು ಮುಂದೆ ಬಂದಳು. "ಮೂರನೆಯದರ ಉತ್ತರ ನನಗೂ ಗೊತ್ತಿಲ್ಲ. ಮುನ್ನೂರು ಜನರನ್ನು ಸದ್ದಿಲ್ಲದೆ ನುಂಗಿದ ಬಾಯಿ ಎಲ್ಲಿದೆ?"

ಕೆಂಚನ ಬೆರಳು ನಕ್ಷೆಯ ಮೇಲೆ ಹರಿದಾಡಿ ಒಂದು ಕಡೆ ನಿಂತಿತು.

"ಇಲ್ಲಿ. ಗೆರೆಯೇ ಇಲ್ಲ. ಮೂರು ಹೊಳೆ ಒಳಗೆ ಹೋಗ್ತವೆ, ಒಂದೂ ಹೊರಗೆ ಬರಲ್ಲ. ಇದು ಬಯಲಲ್ಲ ಬುದ್ಧೀ, ಹುಲ್ಲು ಮುಚ್ಚಿದ ಕೆಸರು. ಬಯಲು ಅಂದ್ಕೊಂಡು ಇಲ್ಲೇ ಬಿಡಾರ ಹೂಡಿರಬೇಕು. ಹೂಡಿ ಅಂದವರು ಯಾರು?"

ದೊರೆ ಸಿಂಹಾಸನ ಬಿಟ್ಟು ಇಳಿದು ಬಂದ. "ನಾನು," ಎಂದ. "ಸಮತಟ್ಟಾಗಿದೆ ಅಂತ ನಾನೇ ತೋರಿಸಿ ಕಳಿಸಿದೆ."



"ಬಹುಮಾನ ಆಮೇಲಿರಲಿ," ಎಂದ ಕೆಂಚ. "ಕೆಸರಿನ ನಡುವೆ ಈ ಒಂದೇ ಒಂದು ಪುಟ್ಟ ಸುತ್ತುಗೆರೆ ಇದೆಯಲ್ಲ, ಅದು ದಿಬ್ಬ. ಯಾರಾದ್ರೂ ಹತ್ತಿ ಕೂತಿರಬಹುದು. ಈಗಲೇ ಇಪ್ಪತ್ತು ತೆಪ್ಪ ಕೊಡಿಸಿ!"

ಒಂಬತ್ತನೆಯ ದಿನ ಅವನು ಮರಳಿದ. ದಿಬ್ಬದ ಮೇಲೆ ಹನ್ನೊಂದು ಜನ ಬದುಕಿದ್ದರು. ಯುವರಾಜ ಅವರಲ್ಲಿರಲಿಲ್ಲ.

ಕೇತರಸ ಆ ಹನ್ನೊಂದು ಜನರ ಮುಖವನ್ನೂ ಒಂದೊಂದಾಗಿ ಮುಟ್ಟಿ ನೋಡಿದ. ಸೂತಕ ಕಳೆದ ಮೇಲೆ ಚಂದಲೆ ತಾನೇ ಒಪ್ಪಿ ಕೆಂಚನ ಕೈಹಿಡಿದಳು. ಅರ್ಧ ರಾಜ್ಯ ಕೊಡುತ್ತೇನೆಂದಿದ್ದ ದೊರೆ ಅಂದೇ ಪೂರ್ತಿ ಕೊಟ್ಟ. ಮತ್ತೆಂದೂ ಯಾರಿಗೂ ದಾರಿ ತೋರಿಸಲು ಬೆರಳೆತ್ತಲಿಲ್ಲ.