ಎರೆಹುಳುವಿಗೆ ತೋರಿದ ದಯೆ

"ಗುರುಗಳೇ, ನೋಯಿಸಲಾರದೆ ಕೈ ಹಿಂದೆಗೆದರೆ ಅದು ದಯೆಯಲ್ಲವೇ?" ಎಂದು ಶಿಷ್ಯ ಗವಿಯಪ್ಪ ಕೇಳಿದ.

ಆಶ್ರಮದ ಹಸುವಿನ ಗೊರಸಿನ ಸಂದಿನಲ್ಲಿ ಜಾಲಿಮುಳ್ಳು ಮುರಿದುಕೊಂಡು ಕೂತಿತ್ತು. ಕೀಳಲೆಂದು ಮುಟ್ಟಿದರೆ ಹಸು ಅರಚುತ್ತಿತ್ತು. ಅದು ಅರಚಿದಾಗಲೆಲ್ಲ ಗವಿಯಪ್ಪ ಕಾಲು ಬಿಟ್ಟು ಎದ್ದುಬಿಡುತ್ತಿದ್ದ. ಈಗ ಹಸುವಿನ ಕಾಲು ಬಾತಿತ್ತು.

"ಕೂತುಕೋ, ಒಂದು ಮೀನಿನ ಕತೆ ಹೇಳುತ್ತೇನೆ. ಆಶ್ರಮದಲ್ಲಿ ಮೀನೇ ಎಂದು ಮೂಗು ಮುರಿಯಬೇಡ" ಎಂದು ಗುರುಗಳು ಕತೆ ತೆಗೆದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆಯೇನೋ ಸುಸೂತ್ರವಾಯಿತು, ಆದರೆ ಎದೆಹಾಲು ಇಳಿಯಲಿಲ್ಲ. ಕೂಸು ಅತ್ತು ಅತ್ತು ದನಿಯೇ ಬತ್ತಿಹೋಯಿತು. ಸೂಲಗಿತ್ತಿ ನೋಡಿ, "ಬಾಣಂತಿಗೆ ಕೆರೆಮೀನಿನ ಸಾರು ಕುಡಿಸು, ತಡಮಾಡಬೇಡ" ಎಂದಳು. ರೈತನಿಗೆ ಮೀನು ತಿಂದು ಗೊತ್ತಿತ್ತೇ ಹೊರತು ಹಿಡಿದು ಗೊತ್ತಿರಲಿಲ್ಲ. ಆದರೂ ಗಾಳ ಎರವಲು ತಂದ.

ಬದುವಿನ ಹಸಿಮಣ್ಣು ಅಗೆದು ಕರಟದ ತುಂಬ ಎರೆಹುಳು ತೆಗೆದ. ಒಂದನ್ನು ಗಾಳಕ್ಕೆ ಚುಚ್ಚಹೋದರೆ ಅದು ವಿಲವಿಲ ಒದ್ದಾಡಿತು. ತನ್ನ ಹೊಲವನ್ನು ಹದಮಾಡಿಕೊಟ್ಟ ಜೀವವಲ್ಲವೇ ಅದು? ಅಯ್ಯೋ ಪಾಪ ಅನ್ನಿಸಿತು. ಕರಟವನ್ನು ಮನೆಗೊಯ್ದು, ಬಾಣಂತಿಯ ಸ್ನಾನಕ್ಕೆ ಕಾಯಿಸಿದ್ದ ನೀರನ್ನು ಹುಳುಗಳ ಮೇಲೆ ಸುರಿದ. ಅಷ್ಟೂ ಸುಮ್ಮನಾದವು. ನಮ್ಮ ಧರ್ಮಾತ್ಮನಿಗೆ ನೆಮ್ಮದಿಯಾಯಿತು.

ಕೆರೆಯ ದಂಡೆಯಲ್ಲಿ ಕೂತು ಗಾಳ ಬಿಟ್ಟ. ಬೆಂದ ಹುಳು ಮೆತ್ತಗಾಗಿ ಕೊಂಡಿಯಿಂದ ಕಳಚಿ ಬೀಳುತ್ತಿತ್ತು. ಮತ್ತೊಂದು ಸಿಕ್ಕಿಸಿದರೆ ಅದೂ ಬಿತ್ತು. ಕೊಂಡಿಯಲ್ಲಿ ನಿಂತದ್ದನ್ನು ಮೀನು ಮೂಸಿಯೂ ನೋಡಲಿಲ್ಲ. ಹೊತ್ತು ನೆತ್ತಿಗೇರಿತು, ಕರಟ ಬರಿದಾಯಿತು. ಬರಿಗೈಯಲ್ಲಿ ಮಗಳ ಮುಂದೆ ಹೇಗೆ ನಿಲ್ಲಲಿ ಎಂದು ರೈತನಿಗೆ ಎದೆ ಒಡೆದುಹೋಯಿತು.

ಪಕ್ಕದಲ್ಲಿ ಗಾಳ ಹಾಕಿದ್ದ ಒಬ್ಬ ಮುದುಕ ಕೇಳಿದ: "ಅಲ್ಲ ತಮ್ಮಾ, ಹುಳುವನ್ನು ಬೇಯಿಸಿ ತಂದಿದ್ದೀಯಲ್ಲ, ಮೀನಿಗೇನು ಹಬ್ಬದೂಟವೇ?"

"ಜೀವಂತ ಚುಚ್ಚಲು ಮನಸ್ಸು ಬರಲಿಲ್ಲ, ಅಣ್ಣಾ."

"ಒದ್ದಾಡುವ ಹುಳು ಒಂದು ಸಾಕಾಗಿತ್ತು. ಒಂದು ಕರಟ ಹುಳುವನ್ನು ಸುಮ್ಮನೆ ಕೊಂದೆ" ಎಂದು ಮುದುಕ ನೀರಿನ ಮೇಲೆ ತೇಲುತ್ತಿದ್ದ ತನ್ನ ಗಾಳದ ಬೆಂಡಿನ ಕಡೆ ತಿರುಗಿದ.

ರೈತನಿಗೆ ನಾಚಿಕೆಯಾಯಿತು. ಎದ್ದುಹೋಗಿ ದಂಡೆಯ ಕೆಸರಿನಲ್ಲಿ ಕೆದಕಿ ನಾಲ್ಕಾರು ಹುಳು ಹುಡುಕಿದ. ಈ ಸಲ ಕೈ ಹಿಂದೆಗೆಯಲಿಲ್ಲ. ಹುಳು ಹೊರಳಾಡಿದ್ದು ಅವನ ಬೆರಳಿಗೆಲ್ಲ ತಿಳಿಯಿತು. ಸಂಕಟವಾಯಿತು, ಆದರೂ ಚುಚ್ಚಿದ. ಗಾಳ ಬಿಟ್ಟು ಬಹಳ ಹೊತ್ತಾಗಲಿಲ್ಲ, ಬೆಂಡು ಗುಳುಕ್ಕನೆ ಮುಳುಗಿತು. ಮೊಳದುದ್ದದ ಮೀನು ದಂಡೆಗೆ ಬಂತು. ಉಳಿದ ಹುಳುಗಳನ್ನು ಅದೇ ಕೆಸರಿಗೆ ಬಿಟ್ಟು ಮನೆಗೆ ಓಡಿದ.

ಮಗಳು ಅಂದೂ ಮಾರನೆಯ ದಿನವೂ ಸಾರು ಕುಡಿದಳು. ಹಾಲು ಇಳಿಯಿತು. ಕೂಸು ಹೊಟ್ಟೆ ತುಂಬ ಕುಡಿದು, ತುಟಿಯಂಚಿನಲ್ಲಿ ಹಾಲು ಇಟ್ಟುಕೊಂಡೇ ನಿದ್ದೆಹೋಯಿತು. ರೈತ ಹೊಸ್ತಿಲಲ್ಲಿ ಕೂತು, "ಬದುಕಿದೆಯಾ ಕಂದಾ" ಎಂದು ಕಣ್ಣೊರೆಸಿಕೊಂಡ. ಹೋದ ಜೀವ ಬಂದಂತಾಗಿತ್ತು ಅವನಿಗೆ.

ಗುರುಗಳು ಕತೆ ನಿಲ್ಲಿಸಿದರು. ಗವಿಯಪ್ಪನಿಗೂ ಹಗುರವಾಯಿತು. ಆದರೆ ಅವನು ಸೋಲಲು ಸಿದ್ಧನಿರಲಿಲ್ಲ.

"ಕೂಸು ಉಳಿಯಿತು, ಸಂತೋಷ. ಆದರೂ ಗುರುಗಳೇ, ಮೊದಲು ಆ ರೈತ ಬಿಸಿನೀರು ಸುರಿದದ್ದು ನೋವು ತಪ್ಪಿಸುವುದಕ್ಕೇ ಅಲ್ಲವೇ?"

"ಹೌದಪ್ಪ, ಬೆಂದದ್ದು ಹುಳು, ನೋವು ತಪ್ಪಿದ್ದು ಯಾರಿಗೆ?" ಎಂದರು ಗುರುಗಳು.

ಗವಿಯಪ್ಪ ಎದ್ದುಹೋಗಿ ಹಸುವಿನ ಕಾಲು ಹಿಡಿದ; ಅದು ಅರಚಿದರೂ ಮುಳ್ಳು ಬರುವ ತನಕ ಬಿಡಲಿಲ್ಲ.