ಜಯದೇವಿ ಹಿಡಿದ ಮಾಲೆ

ಶತ್ರುವಿನ ಕೋಟೆ ಇನ್ನೂ ಬಿದ್ದಿರಲಿಲ್ಲ, ಆಗಲೇ ಪಡುವಣ ದೇಶದ ರಾಜನೊಬ್ಬ ವಿಜಯದ ಪದಕಕ್ಕೆ ಅಪ್ಪಣೆ ಕೊಟ್ಟುಬಿಟ್ಟ. ಟಂಕಸಾಲೆಯಲ್ಲಿ ಉಕ್ಕಿನ ಎರಡು ಅಚ್ಚುಗಳು ಸಿದ್ಧವಾದವು. ಒಂದರಲ್ಲಿ ಗುಂಗುರು ಕೂದಲಿನ ರಾಜನ ಮುಖ, ಇನ್ನೊಂದರಲ್ಲಿ ಮಾಲೆ ಚಾಚಿ ನಿಂತ ರೆಕ್ಕೆಯ ಜಯದೇವಿ. ಎರಡರ ನಡುವೆ ಬೆಳ್ಳಿಯ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಬಡಿದರೆ ಪದಕ. ಅಂದಿನಿಂದ ರಾಜಮುಖದ ಜಂಭ ಹೇಳತೀರದು. "ಆಕೆ ಹುಟ್ಟಿದ್ದೇ ನನ್ನ ಕೊರಳಿಗಾಗಿ," ಎಂದು ಸುತ್ತಿಗೆಯ ಮುಂದೆ ಬೀಗುತ್ತಿತ್ತು.

ಅಷ್ಟರಲ್ಲಿ ಯುದ್ಧ ತಿರುಗುಮುರುಗಾಯಿತು. ಶತ್ರುಗಳ ಸೇನಾಪತಿ ಟಂಕಸಾಲೆಗೇ ನುಗ್ಗಿ ಎರಡೂ ಅಚ್ಚುಗಳನ್ನು ಎದುರುಬದುರು ಇರಿಸಿ ನೋಡಿದ. "ಈ ಮೂತಿಯನ್ನು ಜಜ್ಜಿಹಾಕಿ," ಎಂದ.

ಅದೇ ಸುತ್ತಿಗೆ ಮೇಲೆದ್ದಿತು. ರಾಜಮುಖ ಎದುರಿನ ಅಚ್ಚಿನತ್ತ ಕೂಗಿಕೊಂಡಿತು. "ದೇವಿ, ನನ್ನ ಪರವಾಗಿ ಒಂದು ಮಾತು ಹೇಳು! ಇಷ್ಟು ದಿನ ಮಾಲೆ ಹಿಡಿದು ನಿಂತದ್ದು ಯಾರಿಗೆ?"

"ಯಾರಿಗೋ ನಾನರಿಯೆ, ಪ್ರಭು," ಎಂದಳು ಜಯದೇವಿ. "ನಮ್ಮಿಬ್ಬರ ನಡುವೆ ಯಾವಾಗಲೂ ಬೆಳ್ಳಿ ಅಡ್ಡವಿತ್ತು. ಪದಕದಲ್ಲೂ ನಾವು ಬೆನ್ನಿಗೆ ಬೆನ್ನು. ನಿಮ್ಮ ಮುಖವನ್ನು ನಾನು ನೋಡುತ್ತಿರುವುದು ಇದೇ ಮೊದಲು."

ಸುತ್ತಿಗೆ ಬಿತ್ತು. ಕೆಲದಿನಗಳಲ್ಲೇ ಹೊಸ ರಾಜನ ಮುಖದ ಅಚ್ಚು ಬಂದು ಎದುರಿಗೆ ಕೂತಾಗ, ದೇವಿಯ ಕೈ ಇನ್ನೂ ಚಾಚಿಯೇ ಇತ್ತು.